ಪೌಷ್ಟಿಕ ಪುಡಿಯ ಡಬ್ಬಿ ಮುಗಿಯುತ್ತಾ ಬಂದಿದೆ: ಮತ್ತೆ ತರಿಸಬೇಕೇ, ಬೇಡವೇ?

ಶಿರಾ ಗೇಟ್ ನಿವಾಸಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅತ್ತೆಯವರೂ ಮಾವನವರೂ ಕೆಲವು ತಿಂಗಳುಗಳಿಂದ ಪ್ರತಿದಿನ ಬೆಳಿಗ್ಗೆ ಒಂದು ಪೌಷ್ಟಿಕ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿಯುತ್ತಿದ್ದಾರೆ. ಇದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಪ್ರತಿನಿಧಿಗಳ ಮೂಲಕವೇ ತರಿಸಬೇಕು. ಅರ್ಧ ಕಿಲೋ ಡಬ್ಬಿಯ ಬೆಲೆ 1,450 ರೂಪಾಯಿ. ಒಬ್ಬರಿಗೆ ದಿನಕ್ಕೆ 30 ಗ್ರಾಂ ಎಂದು ಬರೆದಿರುವುದರಿಂದ, ಇಬ್ಬರು ಕುಡಿದರೆ ಡಬ್ಬಿ ಎಂಟು ದಿನಕ್ಕೇ ಮುಗಿದುಹೋಗುತ್ತದೆ.

ಮಂಡಿನೋವು ಕಡಿಮೆಯಾಗಿದೆ, ಮೆಟ್ಟಿಲು ಹತ್ತುವಾಗ ಮೊದಲಿನಷ್ಟು ಸುಸ್ತಾಗುವುದಿಲ್ಲ ಎಂದು ಮಾವನವರು ಹೇಳುತ್ತಾರೆ. ಅತ್ತೆಯವರಿಗೆ ವಿಶೇಷವಾಗಿ ಏನೂ ಅನಿಸಿಲ್ಲ. ತಂದದ್ದು ಹಾಳಾಗಬಾರದೆಂದು ಕುಡಿಯುತ್ತಾರೆ. ಅವರು ಥೈರಾಯ್ಡ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ.

ಈ ಪುಡಿಯ ಪ್ರತಿನಿಧಿ ಬೇರೆ ಯಾರೂ ಅಲ್ಲ, ನಮ್ಮ ಯಜಮಾನರ ಅಕ್ಕ. ಅತ್ತಿಗೆಯವರು ತಮ್ಮ ತಂದೆತಾಯಿಯ ಮೇಲಿನ ಕಾಳಜಿಯಿಂದಲೇ ಇದನ್ನು ತಂದುಕೊಟ್ಟವರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸೊಸೆಯಾದ ನಾನು ‘ಇನ್ನು ಸಾಕು’ ಎಂದರೆ ಹಿರಿಯರ ಆರೋಗ್ಯಕ್ಕೆ ಖರ್ಚು ಮಾಡಲು ಹಿಂಜರಿಯುತ್ತಿದ್ದಾಳೆ ಎಂಬ ಅರ್ಥ ಬರುತ್ತದೆ. ನಡುವೆ ನಿಲ್ಲಿಸಿದರೆ ಇಲ್ಲಿಯವರೆಗೆ ಬಂದ ಲಾಭವೆಲ್ಲ ಹೋಗುತ್ತದೆ ಎಂದೂ ಅವರು ಹೇಳಿದ್ದಾರೆ. ಪುಡಿಯನ್ನು ಮುಂದುವರಿಸುವುದೋ ಬಿಡುವುದೋ ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಉಪನ್ಯಾಸಕ, ತಿಪಟೂರು

ಡಬ್ಬಿಯ ಮುಂಭಾಗದಲ್ಲಿ ಏನಿದೆ ಎಂಬುದನ್ನು ಸದ್ಯಕ್ಕೆ ಬಿಡಿ. ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಪದಾರ್ಥಗಳ ಪಟ್ಟಿಯನ್ನು ಅದೇ ಕ್ರಮದಲ್ಲಿ, ಒಂದನ್ನೂ ಬಿಡದೆ, ಪೋಷಕಾಂಶದ ಕೋಷ್ಟಕದೊಂದಿಗೆ ಇಲ್ಲಿ ಬರೆಯಿರಿ. ಆಮೇಲೆ ಮಾತನಾಡೋಣ.

ಶಿರಾ ಗೇಟ್ ನಿವಾಸಿ, ತುಮಕೂರು

ಬರೆಯುತ್ತಿದ್ದೇನೆ ಸರ್. ಪಟ್ಟಿಯ ಕ್ರಮ ಹೀಗಿದೆ: ಮಾಲ್ಟೋಡೆಕ್ಸ್‌ಟ್ರಿನ್, ಸಕ್ಕರೆ, ಗೋಧಿ ಹಿಟ್ಟು, ರಾಗಿ ಮಾಲ್ಟ್ ಶೇ 9, ಸೋಯಾ ಪ್ರೋಟೀನ್, ಧಾನ್ಯ ಮತ್ತು ಬೀಜಗಳ ಮಿಶ್ರಣ ಶೇ 6, ಖನಿಜಗಳು, ವಿಟಮಿನ್‌ಗಳು, ಸುವಾಸನೆ. ನೂರು ಗ್ರಾಂ ಪುಡಿಯಲ್ಲಿ ಪ್ರೋಟೀನ್ 12 ಗ್ರಾಂ, ಒಟ್ಟು ಸಕ್ಕರೆ 28 ಗ್ರಾಂ, ಸೇರಿಸಿದ ಸಕ್ಕರೆ 24 ಗ್ರಾಂ, ಕ್ಯಾಲ್ಸಿಯಂ 400 ಮಿಲಿಗ್ರಾಂ, ಕಬ್ಬಿಣ 9 ಮಿಲಿಗ್ರಾಂ. ಮುಂಭಾಗದಲ್ಲಿ ರಾಗಿ ತೆನೆ, ನವಣೆ, ಬಾದಾಮಿಯ ಚಿತ್ರಗಳಿವೆ.

ನಿವೃತ್ತ ಉಪನ್ಯಾಸಕ, ತಿಪಟೂರು

ಧನ್ಯವಾದ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಆದ್ದರಿಂದ ಈ ಡಬ್ಬಿಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟವನ್ನು ಒಡೆದು ತಯಾರಿಸಿದ ಒಂದು ಬಿಳಿಯ ಪುಡಿ. ಅದು ಕೋಷ್ಟಕದ ಸಕ್ಕರೆಯ ಸಾಲಿನಲ್ಲಿ ಬಹುಮಟ್ಟಿಗೆ ಕಾಣಿಸಿಕೊಳ್ಳದೆ ಕಾರ್ಬೋಹೈಡ್ರೇಟ್‌ನ ಸಾಲಿಗೆ ಸೇರಿಹೋಗುತ್ತದೆ. ಆದರೆ ಹೊಟ್ಟೆಗೆ ಹೋದ ಮೇಲೆ ರಕ್ತದ ಗ್ಲೂಕೋಸನ್ನು ಏರಿಸುವುದರಲ್ಲಿ ಸಕ್ಕರೆಗೆ ಹಿಂದುಳಿಯುವುದಿಲ್ಲ. ಎರಡನೆಯದು ಸಕ್ಕರೆಯೇ. ಸೇರಿಸಿದ ಸಕ್ಕರೆ ನೂರಕ್ಕೆ 24 ಗ್ರಾಂ ಇದ್ದು, ಮಾಲ್ಟೋಡೆಕ್ಸ್‌ಟ್ರಿನ್ ಅದಕ್ಕೂ ಮೇಲಿನ ಸ್ಥಾನದಲ್ಲಿರುವುದರಿಂದ, ನೀವು ಕೊಡುವ 1,450 ರೂಪಾಯಿಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ತೂಕಕ್ಕೆ ಈ ಎರಡು ಅಗ್ಗದ ಪದಾರ್ಥಗಳೇ ಬರುತ್ತಿವೆ. ಮುಂಭಾಗದಲ್ಲಿ ಎತ್ತಿ ತೋರಿಸಿದ ಪದಾರ್ಥದ ಶೇಕಡಾ ಪ್ರಮಾಣವನ್ನು ಹೇಳಬೇಕಾದ ನಿಯಮವಿರುವುದರಿಂದಲೇ ರಾಗಿಯ ಮುಂದೆ 9 ಎಂಬ ಅಂಕಿ ನಮಗೆ ಸಿಕ್ಕಿತು.

ಈಗ 30 ಗ್ರಾಂನ ಲೆಕ್ಕ. ಅದರಲ್ಲಿ ಪ್ರೋಟೀನ್ 3.6 ಗ್ರಾಂ, ಕ್ಯಾಲ್ಸಿಯಂ 120 ಮಿಲಿಗ್ರಾಂ, ಸೇರಿಸಿದ ಸಕ್ಕರೆ 7.2 ಗ್ರಾಂ, ಬೆಲೆ 87 ರೂಪಾಯಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಂದರೆ 30 ಗ್ರಾಂ ರಾಗಿ ಹಿಟ್ಟಿನಲ್ಲಿಯೇ ಸುಮಾರು 109 ಮಿಲಿಗ್ರಾಂ ಬಂತು. ಇನ್ನು ಪುಡಿಯನ್ನು ಕದಡುವ ಒಂದು ಲೋಟ ಹಸುವಿನ ಹಾಲಿನಲ್ಲಿ ಪುಡಿಯ ಸುಮಾರು ಎರಡರಷ್ಟು ಕ್ಯಾಲ್ಸಿಯಂ ಇರುತ್ತದೆ, ಪ್ರೋಟೀನ್ ಕೂಡ 6 ಗ್ರಾಂ ದಾಟುತ್ತದೆ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿಯೂ ಅಷ್ಟೇ ಪ್ರೋಟೀನ್ ಸಿಗುತ್ತದೆ. ಶಿರಾ, ಪಾವಗಡದ ಕಡಲೆಕಾಯಿಗೆ ನಮ್ಮಲ್ಲಿ ಬರವಿಲ್ಲ. ರಾಗಿ ಬೆಳೆಯುವುದರಲ್ಲಿ ರಾಜ್ಯದ ಮುಂಚೂಣಿಯಲ್ಲಿರುವ ಜಿಲ್ಲೆಯಲ್ಲಿ ಕುಳಿತು ಶೇಕಡಾ 9ರ ರಾಗಿಗೆ ಇಷ್ಟು ಬೆಲೆ ತೆರುವುದನ್ನು ನೋಡಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಕೋಷ್ಟಕದಲ್ಲಿ ಸಕ್ಕರೆಯ ದೈನಂದಿನ ಪಾಲು ಶೇಕಡಾ 14 ಎಂದು ಬರೆದಿರಬಹುದು. ಲೇಬಲ್ ನಿಯಮದಲ್ಲಿ ಆ ಲೆಕ್ಕವನ್ನು ದಿನಕ್ಕೆ 50 ಗ್ರಾಂ ಸಕ್ಕರೆಯ ಮೇಲೆ ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ಸುಮಾರು 25 ಗ್ರಾಂಗೆ ಇಳಿಸುವುದು ಒಳ್ಳೆಯದೆಂದು ಒಪ್ಪಿದರೆ ಅದೇ ಪಾಲು ಶೇಕಡಾ 29 ಆಗುತ್ತದೆ. ಮಾವನವರಿಗೆ ಸಕ್ಕರೆ ಕಾಯಿಲೆ ಇದೆಯೇ?

ಗೌರಿಬಿದನೂರಿನ ಪ್ರತಿನಿಧಿ

ನಾನೂ ಇಂಥದೇ ಒಂದು ಉತ್ಪನ್ನವನ್ನು ಮಾರುವವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಚ್ಚಿಟ್ಟು ಮಾತನಾಡಿದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಉಪನ್ಯಾಸಕರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಲೆಕ್ಕದಲ್ಲಿ ಬರುವ ರಾಗಿ ಹಿಟ್ಟು ತಾನಾಗಿಯೇ ಗಂಜಿಯಾಗಿ ಹಿರಿಯರ ಕೈಗೆ ಬರುವುದಿಲ್ಲ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ವಯಸ್ಸಾದವರು ಬೆಳಗಿನ ಹೊತ್ತು ಕಾಫಿಯೊಂದರಲ್ಲಿಯೇ ಮಧ್ಯಾಹ್ನದವರೆಗೆ ಇರುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಹಲ್ಲಿಲ್ಲದವರು ಕಡಲೆಕಾಯಿಯನ್ನು ಅಗಿಯಲಾರರು. ಅಂಥವರು ಒಂದು ಚಮಚ ಪುಡಿಯ ನೆಪದಲ್ಲಿ ಒಂದು ಲೋಟ ಹಾಲನ್ನಾದರೂ ಕುಡಿದರೆ ಅದು ನಷ್ಟವೇ?

ಜೊತೆಗೆ, ನಾವು ಪುಡಿಯನ್ನಷ್ಟೇ ಕೊಟ್ಟು ಸುಮ್ಮನಾಗುವುದಿಲ್ಲ. ದಿನಚರಿಯ ಒಂದು ಪಟ್ಟಿ ಕೊಡುತ್ತೇವೆ, ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತೇವೆ. ಆ ವಿಚಾರಣೆಗೂ ಒಂದು ಬೆಲೆ ಇದೆ ಎಂಬುದು ನನ್ನ ಅಭಿಪ್ರಾಯ.

ಶಿರಾ ಗೇಟ್ ನಿವಾಸಿ, ತುಮಕೂರು

ಮಾವನವರಿಗೆ ಸಕ್ಕರೆ ಕಾಯಿಲೆ ಇಲ್ಲ ಸರ್. ದಿನಚರಿಯ ಪಟ್ಟಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಅತ್ತಿಗೆಯವರು ಕೊಟ್ಟ ಪಟ್ಟಿಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಡಿಗೆ, ರಾತ್ರಿ ಎಂಟರ ಒಳಗೆ ಊಟ, ಸಂಜೆಯ ಬೋಂಡ ಬಜ್ಜಿ ಬಿಡುವುದು ಎಂದೆಲ್ಲ ಇತ್ತು. ಮಾವನವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಈಗ ಪ್ರತಿದಿನ ಅಮಾನಿಕೆರೆಯ ದಂಡೆಯಲ್ಲಿ ನಡೆಯುತ್ತಾರೆ, ಅಲ್ಲಿ ಅವರಿಗೊಂದು ಗೆಳೆಯರ ಗುಂಪೂ ಆಗಿದೆ. ತೂಕವೂ ಸ್ವಲ್ಪ ಇಳಿದಿದೆ.

ನಿವೃತ್ತ ಉಪನ್ಯಾಸಕ, ತಿಪಟೂರು

ಹಾಗಾದರೆ ಮಂಡಿನೋವು ಇಳಿದದ್ದಕ್ಕೆ ಕಾರಣ ಪುಡಿಯೇ ಎಂದು ಹೇಗೆ ಹೇಳುವುದು? ನಿಯಮಿತ ನಡಿಗೆಯಿಂದ ಮಂಡಿಯ ಸುತ್ತಲಿನ ಸ್ನಾಯು ಬಲಗೊಳ್ಳುತ್ತದೆ, ತೂಕ ಇಳಿದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಮೂಳೆ ವೈದ್ಯರು ಮಂಡಿ ಸವೆತಕ್ಕೆ ಮೊದಲು ಹೇಳುವುದೇ ಇವೆರಡನ್ನು. ಪಟ್ಟಿಯಲ್ಲಿರುವ ಉಳಿದೆಲ್ಲವನ್ನೂ ಹಾಗೆಯೇ ಇಟ್ಟುಕೊಂಡು ಪುಡಿಯೊಂದನ್ನೇ ಕೆಲವು ವಾರ ನಿಲ್ಲಿಸಿ ನೋಡಿ. ನೋವು ಮರಳದಿದ್ದರೆ ಉತ್ತರ ಸಿಕ್ಕಿತು. ಇದಕ್ಕೆ ಅತ್ತಿಗೆಯವರೂ ಆಕ್ಷೇಪಿಸಲಾರರು, ಏಕೆಂದರೆ ಅವರ ಪಟ್ಟಿಯ ಬಹುಭಾಗವನ್ನು ನೀವು ಬಿಡುತ್ತಿಲ್ಲ.

ಗೌರಿಬಿದನೂರಿನವರ ಮಾತಿನಲ್ಲಿ ತೂಕವಿದೆ. ಬೆಳಿಗ್ಗೆ ಏನನ್ನೂ ತಿನ್ನದವರು ಏನನ್ನಾದರೂ ಕುಡಿಯುವುದು ಒಳ್ಳೆಯದೇ. ಆದರೆ ಈ ಮನೆಯಲ್ಲಿ ತಿಂಡಿ ತಪ್ಪುತ್ತಿಲ್ಲವೆಂದು ತೋರುತ್ತದೆ.

ಔಷಧಿ ಅಂಗಡಿಯವರು, ಕ್ಯಾತ್ಸಂದ್ರ

ಎಲ್ಲರೂ ಮಾವನವರ ಮಂಡಿಯ ಬಗ್ಗೆ ಮಾತನಾಡುತ್ತಿದ್ದೀರಿ. ನನ್ನ ಚಿಂತೆ ಅತ್ತೆಯವರದು. ಅವರು ಥೈರಾಯ್ಡ್ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗುತ್ತಾರೆ, ಪುಡಿಯನ್ನು ಎಷ್ಟು ಹೊತ್ತಿಗೆ ಕುಡಿಯುತ್ತಾರೆ ಎಂದು ತಿಳಿಸುವಿರಾ?

ಶಿರಾ ಗೇಟ್ ನಿವಾಸಿ, ತುಮಕೂರು

ಎದ್ದ ಕೂಡಲೇ ಮಾತ್ರೆ, ಅರ್ಧ ಗಂಟೆ ಬಿಟ್ಟು ಪುಡಿ ಹಾಕಿದ ಹಾಲು. ಇತ್ತೀಚಿನ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ಹೆಚ್ಚುವ ಅಂಶ) ಏರಿದೆಯೆಂದು ಡಾಕ್ಟರು ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿರಬಹುದು ಎಂದು ಯಾರೂ ಹೇಳಿರಲಿಲ್ಲ.

ಔಷಧಿ ಅಂಗಡಿಯವರು, ಕ್ಯಾತ್ಸಂದ್ರ

ಇರಬಹುದು, ಇಲ್ಲದಿರಲೂಬಹುದು, ಅದನ್ನು ಹೇಳಬೇಕಾದವರು ವೈದ್ಯರು. ಆದರೆ ಲೆವೊಥೈರಾಕ್ಸಿನ್, ಅಂದರೆ ಥೈರಾಯ್ಡ್ ಮಾತ್ರೆಯ ವಿಷಯದಲ್ಲಿ ಎಲ್ಲ ಔಷಧಿ ಅಂಗಡಿಯವರಿಗೂ ತಿಳಿದಿರುವ ಸಂಗತಿಯೊಂದಿದೆ: ಕ್ಯಾಲ್ಸಿಯಂ ಮತ್ತು ಕಬ್ಬಿಣ ಆ ಔಷಧಿಯನ್ನು ಕರುಳಿನಲ್ಲಿಯೇ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಆದ್ದರಿಂದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಪೂರಕಗಳಿದ್ದರೆ ನಾಲ್ಕು ಗಂಟೆಯ ಅಂತರ ಇರಬೇಕು. ನಿಮ್ಮ ಪುಡಿಯಲ್ಲಿ ಎರಡೂ ಖನಿಜಗಳನ್ನು ಸೇರಿಸಿದ್ದಾರೆ, ಜೊತೆಗೆ ಸೋಯಾ ಇದೆ, ಮೇಲೆ ಹಾಲಿನ ಕ್ಯಾಲ್ಸಿಯಂ ಬೇರೆ. ಹೆಚ್ಚಿನವರು ಇಂಥ ಡಬ್ಬಿಯನ್ನು ಪೂರಕವೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದನ್ನು ಹಾರ್ಲಿಕ್ಸ್ ಸಾಲಿಗೆ ಸೇರಿಸಿಬಿಡುತ್ತಾರೆ. ವೈದ್ಯರು ಯಾವ ಔಷಧಿ ನಡೆಯುತ್ತಿದೆ ಎಂದು ಕೇಳಿದಾಗಲೂ ಪುಡಿಯ ಹೆಸರು ಬಾಯಿಗೆ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಮಾತನ್ನು ಓದಿ ನಾಳೆಯೇ ಪುಡಿಯನ್ನು ನಿಲ್ಲಿಸಿ ಸುಮ್ಮನಿರಬೇಡಿ. ಪುಡಿ ಅಡ್ಡಿ ಮಾಡುತ್ತಿದ್ದಾಗ ಮಾತ್ರೆಯ ಪ್ರಮಾಣವನ್ನು ಏರಿಸಿದ್ದರೆ, ಪುಡಿ ನಿಂತ ಮೇಲೆ ಅದೇ ಪ್ರಮಾಣ ಹೆಚ್ಚಾಗಿಬಿಡಬಹುದು. ಆಗ ಎದೆಬಡಿತ, ನಿದ್ದೆಗೇಡು, ವಯಸ್ಸಾದ ಹೆಂಗಸರಲ್ಲಿ ಮೂಳೆ ಸವೆತ ಇವೆಲ್ಲ ಬರುವ ಸಾಧ್ಯತೆ ಇದೆ. ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಮರುಪರೀಕ್ಷೆ ಯಾವಾಗ ಎಂದು ಕೇಳಿಕೊಂಡು ಬನ್ನಿ. ಪ್ರಮಾಣ ಬದಲಾದ ಮೇಲೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡುವುದು ವಾಡಿಕೆ.

ಗೌರಿಬಿದನೂರಿನ ಪ್ರತಿನಿಧಿ

ಈ ವಿಷಯವನ್ನು ನಮ್ಮ ತರಬೇತಿಯಲ್ಲಿ ಯಾರೂ ಹೇಳಿಲ್ಲ. ಇನ್ನು ಮುಂದೆ ನನ್ನ ಗ್ರಾಹಕರಲ್ಲಿ ಥೈರಾಯ್ಡ್ ಮಾತ್ರೆಯ ಬಗ್ಗೆ ಮೊದಲೇ ವಿಚಾರಿಸುತ್ತೇನೆ.

ಪಾವಗಡದ ಓದುಗ

ಮಾವನವರ ಮೂಲ ಊರು ಯಾವುದು, ವೃತ್ತಿಯಲ್ಲಿದ್ದಾಗ ಎಲ್ಲಿದ್ದರು ಎಂದು ಕೇಳಬಹುದೇ? ನಮ್ಮ ಪಾವಗಡದ ಕಡೆ, ಹಾಗೆಯೇ ಕೋಲಾರ, ಚಿಕ್ಕಬಳ್ಳಾಪುರದ ಅನೇಕ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲಿನ ಮೇಲೆ ಕಂದು ಕಲೆ, ಮುಂದೆ ಕೀಲು, ಬೆನ್ನುಮೂಳೆಗಳ ಬಿಗಿತ ಬರುತ್ತದೆ. ನೋಡುವವರಿಗೆ ಅದು ವಯಸ್ಸಿನ ಮಂಡಿನೋವಿನಂತೆಯೇ ಕಾಣುತ್ತದೆ. ಇಂಥ ನೋವಿಗೆ ನಮ್ಮೂರಿನಲ್ಲಿ ಎಣ್ಣೆ, ಲೇಹ್ಯ, ಪುಡಿ ಮಾರಿ ಹೋದವರಿಗೆ ಲೆಕ್ಕವಿಲ್ಲ. ನೀರನ್ನು ಪರೀಕ್ಷೆಗೆ ಕೊಡಿ ಎಂದು ಹೇಳಿದವರು ಮಾತ್ರ ಅಪರೂಪ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಆರ್‌ಒ ಘಟಕದ ನೀರನ್ನೇ ಕುಡಿಯಬೇಕು, ಮುದ್ದೆಗೂ ಬೇಳೆಗೂ ಅದನ್ನೇ ಬಳಸಬೇಕು. ಇನ್ನೊಂದು ಮಾತನ್ನೂ ಹೇಳದಿದ್ದರೆ ನ್ಯಾಯವಲ್ಲ: ಫ್ಲೋರೈಡ್ ಇರುವ ಕಡೆ ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಸಿ ಚೆನ್ನಾಗಿರಬೇಕೆಂದು ವೈದ್ಯರೇ ಸಲಹೆ ಕೊಡುತ್ತಾರೆ. ಹಾಗೆ ನೋಡಿದರೆ ಪುಡಿಯ ಕ್ಯಾಲ್ಸಿಯಂ ವ್ಯರ್ಥವಲ್ಲ. ಆದರೆ ಅದಕ್ಕೆ ಹಾಲು, ರಾಗಿ, ನುಗ್ಗೆಸೊಪ್ಪು ಇವೆ. ವಿಟಮಿನ್ ಸಿಗೆ ನೆಲ್ಲಿಕಾಯಿ ಇದೆ.

ಸರ್ಕಾರಿ ಶಾಲಾ ಶಿಕ್ಷಕಿ, ಚಿಂತಾಮಣಿ

ಪುಡಿಯ ಬದಲಿಗೆ ಮನೆಯಲ್ಲಿಯೇ ಮಾಡಿಕೊಳ್ಳಿ ಎಂದು ಹೇಳುವುದು ಸುಲಭ, ಅದಕ್ಕೆ ಹಿಡಿಯುವ ಕೆಲಸವನ್ನೂ ಹೇಳಬೇಕು. ರಾಗಿಯನ್ನು ಆರಿಸಿ, ಕಲ್ಲು ಮಣ್ಣು ಹೋಗುವಂತೆ ತೊಳೆದು, ರಾತ್ರಿಯಿಡೀ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು. ಮೊಳಕೆ ಕಂಡ ಮೇಲೆ ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ಮೋಡದ ದಿನಗಳಲ್ಲಿ ಇದೇ ಕಷ್ಟ, ಸರಿಯಾಗಿ ಒಣಗದಿದ್ದರೆ ಬೂಸಲು ಹಿಡಿಯುತ್ತದೆ. ಆಮೇಲೆ ಅಂಗೈಯಲ್ಲಿ ಉಜ್ಜಿ ಮೊಳಕೆಯನ್ನು ತೂರಿ, ಘಮ್ಮೆನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿದು, ಗಿರಣಿಗೆ ಕೊಡಬೇಕು. ಗಿರಣಿಯವರಿಗೆ ಮೊದಲೇ ಹೇಳಿಟ್ಟುಕೊಳ್ಳಿ, ಮೆಣಸಿನಕಾಯಿ ಬೀಸಿದ ಮೇಲೆ ನಿಮ್ಮದನ್ನು ಹಾಕಿದರೆ ಅಷ್ಟೂ ಹಾಳು. ಹೆಸರುಕಾಳನ್ನು ಹುರಿದು, ಜೊತೆಗೆ ಹುರಿಗಡಲೆಯನ್ನೂ ಸೇರಿಸಿದರೆ ಪ್ರೋಟೀನ್ ಹೆಚ್ಚುತ್ತದೆ. ಕಡಲೆಕಾಯಿ, ಬಾದಾಮಿ, ಎಳ್ಳನ್ನು ಅದರೊಂದಿಗೆ ಬೀಸಿಸಬೇಡಿ. ಎಣ್ಣೆ ಇರುವ ಬೀಜದ ಪುಡಿ ಬೇಗ ಕಮಟು ಹಿಡಿಯುತ್ತದೆ. ಅವನ್ನು ಆಗಿಂದಾಗ್ಗೆ ಸ್ವಲ್ಪ ಕುಟ್ಟಿ ಹಾಕಿಕೊಂಡರೆ ಸಾಕು.

ಮೊಳಕೆ ಕಟ್ಟುವುದರಿಂದ ಎರಡು ಲಾಭಗಳಿವೆ. ಖನಿಜಗಳನ್ನು ಹಿಡಿದಿಡುವ ಫೈಟೇಟ್ ಅಂಶ ಇಳಿದು ಕಬ್ಬಿಣ ಮತ್ತು ಕ್ಯಾಲ್ಸಿಯಂ ದೇಹಕ್ಕೆ ಸುಲಭವಾಗಿ ಸೇರುತ್ತವೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ಗಟ್ಟಿಯಾಗದೆ ತೆಳ್ಳಗಿರುತ್ತದೆ, ಹಾಗಾಗಿ ಒಂದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ನಮ್ಮ ಶಾಲೆಗಳಲ್ಲಿ 2024ರ ಫೆಬ್ರುವರಿಯಿಂದ ಹಾಲಿನ ಜೊತೆ ಮಕ್ಕಳಿಗೆ ರಾಗಿ ಮಾಲ್ಟ್ ಕೊಡಲು ಆರಂಭಿಸಿದ್ದಾರೆ, ಮಕ್ಕಳು ಖುಷಿಯಾಗಿ ಕುಡಿಯುತ್ತವೆ.

ಆದರೆ ಮನೆಯ ಹಿಟ್ಟು ಎಲ್ಲವನ್ನೂ ತುಂಬಿಕೊಡುತ್ತದೆ ಎಂದು ನಾನು ಹೇಳಲಾರೆ. ಅದರಲ್ಲಿ ಬಿ12 ಇಲ್ಲ, ಡಿ ವಿಟಮಿನ್ ಇಲ್ಲ. ಶುದ್ಧ ಸಸ್ಯಾಹಾರಿಗಳ ಮನೆಯಲ್ಲಿ ಬಿ12 ಕೊರತೆ ಸಾಮಾನ್ಯ. ಅದಕ್ಕೆ ರಕ್ತಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ವೈದ್ಯರು ಹೇಳಿದ ಮಾತ್ರೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳುವುದು ಸರಿ. ಸಕ್ಕರೆಯ ಜೊತೆ ಅಷ್ಟಿಷ್ಟು ವಿಟಮಿನ್ ಉದುರಿಸಿದ ಪುಡಿಯಿಂದ ಕೊರತೆ ತುಂಬುತ್ತದೆಯೋ ಇಲ್ಲವೋ ಎಂದು ಯಾರು ಹೇಳುವವರು? ಸಕ್ಕರೆ ಕಾಯಿಲೆ ಇರುವವರು ಮನೆಯ ಮಾಲ್ಟನ್ನೂ ಮನಸ್ಸಿಗೆ ಬಂದಷ್ಟು ಕುಡಿಯಬಾರದು. ನುಣ್ಣಗೆ ಬೀಸಿ ಗಂಜಿ ಮಾಡಿದ್ದು ಬೇಗ ಜೀರ್ಣವಾಗುತ್ತದೆ.

ಗ್ರಾಹಕ ಪ್ರಕರಣಗಳ ವಕೀಲ, ಕೋಲಾರ

ಕಾನೂನಿನ ಕಡೆಯಿಂದ ಸ್ವಲ್ಪ ಮಾತ್ರ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರಲ್ಲಾಗಲಿ ಅದರ ನಿಯಮಗಳಲ್ಲಾಗಲಿ ‘ಹೆಲ್ತ್ ಡ್ರಿಂಕ್’ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ; ಈ ಕಾರಣದಿಂದಲೇ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆ ಹೆಸರಿನ ವಿಭಾಗದಿಂದ ಇಂಥ ಪಾನೀಯಗಳನ್ನು ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಡಬ್ಬಿಯ ಮೇಲೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ (ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ ಇದೆಯೇ ನೋಡಿ. ಇದ್ದರೆ ತಯಾರಕರಿಗೆ ಪರವಾನಗಿ ಇದೆ ಎಂದಷ್ಟೇ ಅರ್ಥ, ಪುಡಿ ಮಂಡಿನೋವನ್ನು ಕಳೆಯುತ್ತದೆ ಎಂದು ಸರ್ಕಾರ ಒಪ್ಪಿದೆ ಎಂದಲ್ಲ. ರೋಗ ಗುಣವಾಗುತ್ತದೆ ಎಂದು ಜಾಹೀರಾತು ಮಾಡಿದರೆ ಅದೇ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರವನ್ನು ವಿಶ್ಲೇಷಣೆಗೆ ಕೊಡಬಹುದು. ದೋಷ ಕಂಡುಬಂದರೆ ಶುಲ್ಕ ವಾಪಸು. ನೇರ ಮಾರಾಟಕ್ಕೆ 2021ರ ನಿಯಮಗಳಿವೆ, ಕಂಪನಿಯು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿರಲೇಬೇಕು. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಸ್ವಂತ ಅತ್ತಿಗೆಯ ವಿಷಯದಲ್ಲಿ ಇವು ಯಾವುವೂ ಬೇಕಾಗಲಾರವು, ಆದರೂ ಬಿಲ್ಲನ್ನು ಮಾತ್ರ ಕೇಳಿ ಪಡೆಯಿರಿ.

ಶಿರಾ ಗೇಟ್ ನಿವಾಸಿ, ತುಮಕೂರು

ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆ ಹೇಳುವ ಮೊದಲು ಆದದ್ದನ್ನು ತಿಳಿಸುತ್ತೇನೆ. ಡಬ್ಬಿಯನ್ನು ತೆಗೆದುಕೊಂಡು ಅತ್ತೆಯವರೊಂದಿಗೆ ಡಾಕ್ಟರ ಬಳಿಗೆ ಹೋದೆವು. ಅವರು ಹಿಂದಿನ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿ, ಪುಡಿಯನ್ನು ನಿಲ್ಲಿಸಿ, ಮಾತ್ರೆಯನ್ನು ಹಳೆಯ ಪ್ರಮಾಣಕ್ಕೆ ಇಳಿಸಿ, ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಬಿ12 ಕಡಿಮೆ ಇದೆ ಎಂದು ಗೊತ್ತಾಯಿತು, ಅದಕ್ಕೆ ಪ್ರತ್ಯೇಕ ಮಾತ್ರೆ ಬರೆದುಕೊಟ್ಟಿದ್ದಾರೆ. ಹಾಲನ್ನು ಈಗ ಮಧ್ಯಾಹ್ನದ ಮೇಲೆ ಕುಡಿಯುತ್ತಾರೆ.

ಪಾವಗಡದವರು ಕೇಳಿದ ಪ್ರಶ್ನೆ ಸರಿಯಾಗಿತ್ತು. ಮಾವನವರು ಹುಟ್ಟಿ ಬೆಳೆದದ್ದು ಮಧುಗಿರಿಯ ಕಡೆಯ ಹಳ್ಳಿಯಲ್ಲಿ, ನಿವೃತ್ತಿಯವರೆಗೂ ಕೊಳವೆಬಾವಿ ನೀರನ್ನೇ ಕುಡಿದವರು. ಎಕ್ಸ್‌ರೇಯಲ್ಲಿ ಮಂಡಿ ಸವೆತ ಕಂಡಿದೆ. ಮೂತ್ರದ ಫ್ಲೋರೈಡ್ ಪರೀಕ್ಷೆಯನ್ನೂ ಮಾಡಿಸಲು ಹೇಳಿದ್ದಾರೆ, ವರದಿ ಇನ್ನೂ ಬರಬೇಕು. ಪುಡಿ ನಿಂತಿದೆ, ನಡಿಗೆ ನಿಂತಿಲ್ಲ, ನೋವು ಹೆಚ್ಚಿಲ್ಲ. ಮಳೆಯಿಂದ ನಡಿಗೆ ತಪ್ಪಿದ ವಾರದಲ್ಲಿ ಮಂಡಿ ಸ್ವಲ್ಪ ಬಿಗಿಯಿತೆಂದು ಅವರೇ ಗಮನಿಸಿ ಹೇಳಿದರು.

ಅತ್ತಿಗೆಯವರಿಗೆ ಹೇಳುವ ಕೆಲಸವನ್ನು ನಾನು ಮಾಡಬೇಕಾಗಿ ಬರಲಿಲ್ಲ. ‘ಅಮ್ಮನ ಮಾತ್ರೆಗೆ ಇದು ಅಡ್ಡ ಬರಬಹುದಂತೆ, ನನಗೆ ನೀನು ಬರೆದುಕೊಟ್ಟ ಪಟ್ಟಿಯೇ ಸಾಕಮ್ಮ’ ಎಂದು ಮಾವನವರೇ ಮಗಳಿಗೆ ಫೋನಿನಲ್ಲಿ ಹೇಳಿದರು. ಅತ್ತಿಗೆಯವರು ಮೊದಲು ಸ್ವಲ್ಪ ಬೇಸರಪಟ್ಟುಕೊಂಡರೂ ಥೈರಾಯ್ಡ್ ವಿಷಯ ಕೇಳಿ ಗಾಬರಿಯಾದರು. ತಮ್ಮ ಬೇರೆ ಗ್ರಾಹಕರಲ್ಲಿ ಯಾರ್‍ಯಾರು ಆ ಮಾತ್ರೆ ನುಂಗುತ್ತಾರೆ ಎಂದು ವಿಚಾರಿಸುತ್ತಿದ್ದಾರಂತೆ. ಆದರೆ ಪಟ್ಟು ಪೂರ್ತಿ ಬಿಟ್ಟಿಲ್ಲ. ಮುಂದಿನ ತಿಂಗಳು ‘ಸಕ್ಕರೆ ಸೇರಿಸಿಲ್ಲ’ ಎಂಬ ಹೊಸ ಡಬ್ಬಿ ಬರುತ್ತದಂತೆ, ಅಪ್ಪನಿಗೆ ಅದನ್ನಾದರೂ ಕೊಡಿ ಎಂದಿದ್ದಾರೆ.

ನಿವೃತ್ತ ಉಪನ್ಯಾಸಕ, ತಿಪಟೂರು

ಬಂದ ಕೂಡಲೇ ಹಿಂಭಾಗದ ಪಟ್ಟಿಯನ್ನು ಇಲ್ಲಿ ಬರೆಯಿರಿ. ಸಕ್ಕರೆ ಹೋದ ಜಾಗಕ್ಕೆ ಏನು ಬಂದಿದೆ, ಮಾಲ್ಟೋಡೆಕ್ಸ್‌ಟ್ರಿನ್ ಇನ್ನೂ ಮೊದಲ ಸ್ಥಾನದಲ್ಲಿಯೇ ಇದೆಯೇ, ರಾಗಿ ಶೇಕಡಾ 9ರಿಂದ ಮೇಲೆ ಹೋಗಿದೆಯೇ ಎಂಬ ಮೂರನ್ನು ಮೊದಲು ನೋಡೋಣ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.